ಕಲ್ಚರ್ ವರದಿಯ ತುಂಬ ‘ಆರ್’: ಆ ಜೀನ್‌ಗಳು ಬಂದದ್ದು ಎಲ್ಲಿಂದ?

ಪ್ರಶ್ನೆ: ನನ್ನ ತಂದೆ 68 ವರ್ಷದ ನಿವೃತ್ತ ಶಾಲಾ ಶಿಕ್ಷಕರು. ಪಾರ್ಶ್ವವಾಯು ಆಗಿ ನಗರದ ಆಸ್ಪತ್ರೆಯೊಂದರ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದರು. ಹನ್ನೊಂದನೆಯ ದಿನ ಜ್ವರ ಬಂತು. ಕಫದ ಕಲ್ಚರ್ ವರದಿಯಲ್ಲಿ ‘ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ’ ಎಂದಿತ್ತು. ಪಟ್ಟಿಯಲ್ಲಿದ್ದ ಔಷಧಿಗಳೆಲ್ಲದರ ಮುಂದೆ ‘ಆರ್’ (ರೆಸಿಸ್ಟೆಂಟ್, ಅಂದರೆ ಔಷಧಿಗೆ ಬಗ್ಗದ್ದು), ಕೊಲಿಸ್ಟಿನ್ ಮುಂದೆ ಮಾತ್ರ ‘ಐ’ (ಇಂಟರ್ಮೀಡಿಯೆಟ್, ಅಂದರೆ ನಡುವಿನದು). ಕೊನೆಯಲ್ಲಿ ‘ಎನ್‌ಡಿಎಂ ಮತ್ತು ಆಕ್ಸಾ-48 ಮಾದರಿಯ ಜೀನ್ ಪತ್ತೆ’ ಎಂದು ಬರೆದಿದ್ದರು. ಆರು ದಿನಗಳ ನಂತರ ಅಪ್ಪ ತೀರಿಕೊಂಡರು. ಅವರು ಮಾತ್ರೆ ನುಂಗುವವರೇ ಅಲ್ಲ. ಆದರೆ ಎರಡು ವರ್ಷದ ಹಿಂದೆ ಕೆಮ್ಮು ಬಂದಾಗ ನಾನೇ ಮೆಡಿಕಲ್ ಶಾಪ್‌ನಿಂದ ವೈದ್ಯರ ಚೀಟಿಯಿಲ್ಲದೆ ಅಮಾಕ್ಸಿಸಿಲಿನ್ ತಂದುಕೊಟ್ಟಿದ್ದೆ. ಮೂರು ದಿನ ತಿಂದು ನಿಲ್ಲಿಸಿದರು. ಅದರಿಂದಲೇ ಹೀಗಾಯಿತೇ? ಜೀನ್ ಎಂದರೆ ವಂಶದ್ದಲ್ಲವೇ, ನಮಗೂ ಬರುತ್ತದೆಯೇ? ಆಸ್ಪತ್ರೆಯಲ್ಲಿ ಅಪ್ಪನ ಆರೈಕೆ ಮಾಡಿದ ಅಮ್ಮನಿಗೂ ಮನೆಯಲ್ಲಿರುವ ನನ್ನ ಏಳು ತಿಂಗಳ ಮಗುವಿಗೂ ಅಪಾಯವಿದೆಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಈಗಲೇ ಉತ್ತರ ಹೇಳಿಬಿಡುತ್ತೇನೆ. ಉಳಿದದ್ದನ್ನು ಓದಿ ಮುಗಿಸುವವರೆಗೂ ನೀವು ಆ ಭಾರವನ್ನು ಹೊತ್ತಿರುವುದು ಬೇಡ. ನೀವು ತಂದುಕೊಟ್ಟ ಅಮಾಕ್ಸಿಸಿಲಿನ್‌ನಿಂದ ಇದು ಆಗಲಿಲ್ಲ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಈ ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್‌ಗೆ ಮೊದಲಿನಿಂದಲೂ ಬಗ್ಗುವುದಿಲ್ಲ. ಆ ಔಷಧಿಯನ್ನು ಮುರಿಯುವ ‘ಎಸ್‌ಎಚ್‌ವಿ’ ಎಂಬ ಕಿಣ್ವದ ಜೀನ್ ಅದರ ವರ್ಣತಂತುವಿನಲ್ಲೇ ಇದೆ, ನಮಗೆ ಹತ್ತು ಬೆರಳು ಇರುವ ಹಾಗೆ. ಇನ್ನು ವರದಿಯಲ್ಲಿ ಕಂಡ ಎನ್‌ಡಿಎಂ ಜೀನ್, ಮೂರು ದಿನದ ಕ್ಯಾಪ್ಸೂಲ್‌ನಿಂದ ಒಬ್ಬರ ಮೈಯಲ್ಲಿ ಹುಟ್ಟಿಕೊಳ್ಳುವಂಥದ್ದಲ್ಲ. ಅದು ಎಲ್ಲೋ ರೂಪುಗೊಂಡು, ಬಹಳ ದೂರ ಪ್ರಯಾಣ ಮಾಡಿ, ನಿಮ್ಮ ತಂದೆಯ ಹಾಸಿಗೆಯವರೆಗೆ ಬಂದಿತ್ತು.

ಜೀನ್‌ಗೆ ನಾವು ಕನ್ನಡದಲ್ಲಿ ವಂಶವಾಹಿ ಎನ್ನುತ್ತೇವೆ. ಆ ಪದವೇ ನಿಮ್ಮನ್ನು ಹೆದರಿಸಿದೆ ಎಂದು ಕಾಣುತ್ತದೆ. ವರದಿಯಲ್ಲಿ ಹೇಳಿರುವುದು ಬ್ಯಾಕ್ಟೀರಿಯಾದ ಜೀನ್, ನಿಮ್ಮ ತಂದೆಯದ್ದಲ್ಲ. ಅದು ಅವರ ರಕ್ತದಿಂದ ಮಕ್ಕಳಿಗೆ ಇಳಿಯುವುದಿಲ್ಲ. ‘ಮೈಗೆ ಆಂಟಿಬಯೋಟಿಕ್ ಒಗ್ಗಿಹೋಗಿದೆ, ಇನ್ನು ಹತ್ತುವುದಿಲ್ಲ’ ಎಂಬ ಮಾತನ್ನು ನಾನು ವಾರ್ಡುಗಳಲ್ಲಿ ಪದೇ ಪದೇ ಕೇಳುತ್ತೇನೆ. ಈ ಮಾತು ತಪ್ಪು ಮಾತ್ರವಲ್ಲ, ಅದರಿಂದ ಹಾನಿಯೂ ಆಗುತ್ತದೆ. ದೋಷ ರೋಗಿಯ ದೇಹದ್ದು ಎಂದು ತೋರುತ್ತದೆ, ನಿಮ್ಮಂಥ ಮಕ್ಕಳು ವರ್ಷಗಟ್ಟಲೆ ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. ಆಂಟಿಬಯೋಟಿಕ್ ವರ್ತಿಸುವುದು ಬ್ಯಾಕ್ಟೀರಿಯಾದ ಮೇಲೆ, ಎದುರು ನಿಲ್ಲುವುದೂ ಬ್ಯಾಕ್ಟೀರಿಯಾವೇ.

ಅದು ಎದುರು ನಿಲ್ಲುವುದು ಹೇಗೆ ಎಂದು ತಿಳಿಯಲು ಔಷಧಿ ಏನು ಮಾಡುತ್ತದೆ ಎಂದು ಮೊದಲು ನೋಡಬೇಕು. ಬ್ಯಾಕ್ಟೀರಿಯಾದ ಸುತ್ತ ಸಕ್ಕರೆಯ ಸರಪಳಿಗಳನ್ನು ಹೆಣೆದು ಕಟ್ಟಿದ ಗೋಡೆಯಿದೆ. ಬೆಳೆಯುವಾಗ ಅದು ಈ ಗೋಡೆಯನ್ನು ನಿರಂತರವಾಗಿ ಕೆಡವಿ ಕಟ್ಟುತ್ತಿರಬೇಕು. ಕಟ್ಟುವ ಕೆಲಸಕ್ಕೆ ಕೆಲವು ಕಿಣ್ವಗಳಿವೆ, ಅವನ್ನು ಗಾರೆಯವರು ಎಂದುಕೊಳ್ಳಿ. ಪೆನಿಸಿಲಿನ್, ಸೆಫಲೋಸ್ಪೊರಿನ್, ಮೆರೊಪೆನೆಮ್‌ನಂಥ ಕಾರ್ಬಪೆನೆಮ್‌ಗಳು ಈ ಮೂರು ಬಗೆಯ ಔಷಧಿಗಳಲ್ಲೂ ನಾಲ್ಕು ಮೂಲೆಯ ಒಂದು ರಾಸಾಯನಿಕ ಉಂಗುರವಿದೆ. ಅದನ್ನು ಬೀಟಾ ಲ್ಯಾಕ್ಟಮ್ ಉಂಗುರ ಎನ್ನುತ್ತಾರೆ. ಗಾರೆಯವನ ಕಣ್ಣಿಗೆ ಅದು ಇಟ್ಟಿಗೆಯ ಹಾಗೆಯೇ ಕಾಣುತ್ತದೆ. ಕೈಗೆತ್ತಿಕೊಂಡರೆ ಕೈಗೇ ಅಂಟಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಕಟ್ಟುವ ಕೆಲಸ ನಿಂತು ಗೋಡೆ ಬಿರುಕು ಬಿಟ್ಟು ಬ್ಯಾಕ್ಟೀರಿಯಾ ಒಡೆಯುತ್ತದೆ.

ಆ ಉಂಗುರವನ್ನು ಗಾರೆಯವನ ಕೈಸೇರುವ ಮೊದಲೇ ಕತ್ತರಿಸಿಬಿಟ್ಟರೆ ಔಷಧಿ ನಿಷ್ಪ್ರಯೋಜಕ. ಕತ್ತರಿಸುವ ಕಿಣ್ವಗಳಿಗೆ ಬೀಟಾ ಲ್ಯಾಕ್ಟಮೇಸ್ ಎಂದು ಹೆಸರು. ಇವು ನಮ್ಮ ಕಾಲದಲ್ಲಿ ಹುಟ್ಟಿದವಲ್ಲ. ಆಕ್ಸ್‌ಫರ್ಡ್‌ನ ಎಡ್ವರ್ಡ್ ಏಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ ಪೆನಿಸಿಲಿನ್ ಮುರಿಯುವ ಕಿಣ್ವವನ್ನು ವರದಿ ಮಾಡಿದ್ದು 1940ರಲ್ಲಿ, ಪೆನಿಸಿಲಿನ್ ಇನ್ನೂ ಜನಬಳಕೆಗೆ ಬರುವ ಮೊದಲು. ಕೆನಡಾದ ಯೂಕಾನ್ ಪ್ರದೇಶದಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನ ಡಿಎನ್‌ಎಯನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೆನಿಸಿಲಿನ್ ವರ್ಗ, ಟೆಟ್ರಾಸೈಕ್ಲಿನ್ ಮತ್ತು ವ್ಯಾಂಕೊಮೈಸಿನ್‌ಗಳ ಪ್ರತಿರೋಧದ ಜೀನ್‌ಗಳು ಸಿಕ್ಕವು. ಇದರಲ್ಲಿ ಅಚ್ಚರಿಯೇನಿಲ್ಲ. ನಮ್ಮ ಆಂಟಿಬಯೋಟಿಕ್‌ಗಳಲ್ಲಿ ಬಹುಪಾಲು ಮಣ್ಣಿನ ಜೀವಿಗಳಿಂದಲೇ ಬಂದವು. ಕಾರ್ಬಪೆನೆಮ್‌ಗಳ ಮೂಲವಾದ ಥಿಯನಮೈಸಿನ್ ಕೂಡ ಸ್ಟ್ರೆಪ್ಟೊಮೈಸಿಸ್ ಕ್ಯಾಟ್ಲಿಯ ಎಂಬ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ವಸ್ತು. ವಿಷ ಇದ್ದಲ್ಲಿ ಅದನ್ನು ತಡೆಯುವ ಉಪಾಯವೂ ಲಕ್ಷಾಂತರ ವರ್ಷಗಳಿಂದ ಜೊತೆಗೇ ಬೆಳೆದಿದೆ. ನಾವು ಎಂಬತ್ತು ವರ್ಷಗಳಲ್ಲಿ ಮಾಡಿದ್ದು, ಮಣ್ಣಿನಲ್ಲಿ ಚದುರಿಹೋಗಿದ್ದ ಆ ಉಪಾಯಗಳನ್ನು ಆರಿಸಿ ರೋಗ ತರುವ ಬ್ಯಾಕ್ಟೀರಿಯಾಗಳ ಒಳಗೆ ಗುಡ್ಡೆ ಹಾಕಿದ್ದು.

ಈಗ ಎನ್‌ಡಿಎಂ ವಿಷಯಕ್ಕೆ ಬರುತ್ತೇನೆ. ನ್ಯೂಡೆಲ್ಲಿ ಮೆಟಲೋ ಬೀಟಾ ಲ್ಯಾಕ್ಟಮೇಸ್ ಎಂಬುದರ ಮೊದಲಕ್ಷರಗಳು ಅವು. ಭಾರತೀಯ ಮೂಲದ ಸ್ವೀಡನ್ ನಿವಾಸಿಯೊಬ್ಬರು 2007ರ ಕೊನೆಯಲ್ಲಿ ದೆಹಲಿಯ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆದು ಮರಳಿದ್ದರು. 2008ರ ಜನವರಿಯಲ್ಲಿ ಸ್ವೀಡನ್‌ನಲ್ಲಿ ಅವರ ಮೂತ್ರದಿಂದ ಕ್ಲೆಬ್ಸಿಯೆಲ್ಲಾ ಬೆಳೆಯಿತು, ಕಾರ್ಬಪೆನೆಮ್‌ಗಳಿಗೂ ಅದು ಜಗ್ಗಲಿಲ್ಲ. ಹುಡುಕಿದಾಗ ಅಲ್ಲಿಯವರೆಗೆ ಯಾರೂ ವರ್ಣಿಸದಿದ್ದ ಕಿಣ್ವ ಸಿಕ್ಕಿತು. 2009ರಲ್ಲಿ ಅದು ಪ್ರಕಟವಾಯಿತು. ಆ ವರದಿಯಲ್ಲಿ ನನ್ನನ್ನು ಇಂದಿಗೂ ಕಾಡುವ ವಿವರ ಬೇರೆಯೇ. ಅದೇ ರೋಗಿಯ ಮಲದಲ್ಲಿದ್ದ ಇ. ಕೋಲೈ ಎಂಬ ಬೇರೊಂದು ಜಾತಿಯ ಬ್ಯಾಕ್ಟೀರಿಯಾದಲ್ಲೂ ಅದೇ ಜೀನ್ ಇತ್ತು. ಒಬ್ಬ ಮನುಷ್ಯನ ಹೊಟ್ಟೆಯೊಳಗೇ ಜೀನ್ ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟಿದಂತೆ ಕಾಣುತ್ತಿತ್ತು.

ಹೆಸರಿನಲ್ಲಿ ದೆಹಲಿ ಇದ್ದದ್ದಕ್ಕೆ ನಮ್ಮಲ್ಲಿ ದೊಡ್ಡ ಗದ್ದಲವೆದ್ದಿತು. 2010ರಲ್ಲಿ ಚೆನ್ನೈನ ಕಾರ್ತಿಕೇಯನ್ ಕುಮಾರಸ್ವಾಮಿ, ಬ್ರಿಟನ್‌ನ ಟಿಮೊಥಿ ವಾಲ್ಶ್ ಮತ್ತು ಸಂಗಡಿಗರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಬ್ರಿಟನ್‌ಗಳಲ್ಲಿ ಈ ಜೀನ್ ಹರಡಿರುವುದನ್ನು ತೋರಿಸಿದಾಗ, ಇದು ನಮ್ಮ ವೈದ್ಯಕೀಯ ಪ್ರವಾಸೋದ್ಯಮವನ್ನು ಕೆಡಿಸುವ ಸಂಚು ಎಂಬ ಮಾತೂ ಬಂತು. ರೋಗಕ್ಕೆ ಊರಿನ ಹೆಸರಿಡುವುದು ನನಗೂ ಒಪ್ಪಿಗೆಯಿಲ್ಲ. ಆದರೆ ಹೆಸರಿನ ಜಗಳದಲ್ಲಿ ನಾವು ಕಳೆದ ಸಮಯದ ಬಗ್ಗೆ ನನಗೆ ಹೆಚ್ಚು ನೋವಿದೆ. 2006ರಲ್ಲೇ ಭಾರತದ ಆಸ್ಪತ್ರೆಗಳಿಂದ ಸಂಗ್ರಹಿಸಿಟ್ಟಿದ್ದ ಬ್ಯಾಕ್ಟೀರಿಯಾಗಳಲ್ಲಿ ಈ ಜೀನ್ ಇತ್ತೆಂದು ನಂತರದ ಪರೀಕ್ಷೆಯಿಂದ ತಿಳಿಯಿತು. 2011ರಲ್ಲಿ ವಾಲ್ಶ್ ತಂಡ ದೆಹಲಿಯ ನೀರನ್ನು ಪರೀಕ್ಷಿಸಿ ವರದಿ ಮಾಡಿತು. ಬೀದಿಯಲ್ಲಿ ನಿಂತ, ಜಿನುಗುವ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಜೀನ್ ಇತ್ತು, ಕುಡಿಯುವ ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿ ಇತ್ತು. ಅಂದರೆ ಆಗಲೇ ಅದು ಆಸ್ಪತ್ರೆಯ ಗೋಡೆ ದಾಟಿ ಚರಂಡಿಗೆ ಇಳಿದಿತ್ತು.

ಈ ಜೀನ್ ರೂಪುಗೊಂಡ ಬಗೆ ಅದರ ಅಕ್ಷರಗಳಲ್ಲೇ, ಅಂದರೆ ಡಿಎನ್‌ಎಯ ಸಾಲಿನಲ್ಲಿರುವ ರಾಸಾಯನಿಕ ಘಟಕಗಳಲ್ಲೇ, ಉಳಿದಿದೆ. ಎನ್‌ಡಿಎಂ ಜೀನ್‌ನ ಆರಂಭದ ಕೆಲವೇ ಅಕ್ಷರಗಳು ಅದರದ್ದಲ್ಲ. ಅವು ಅಮಿಕಾಸಿನ್ ಔಷಧಿಯನ್ನು ನಿಷ್ಕ್ರಿಯಗೊಳಿಸುವ ಬೇರೊಂದು ಜೀನ್‌ನ ತಲೆ. ಎರಡು ಜೀನ್‌ಗಳು ಎಲ್ಲೋ ಒಂದು ಕಡೆ ತುಂಡಾಗಿ, ಒಂದರ ತಲೆಗೆ ಇನ್ನೊಂದರ ಮುಂಡ ಕೂಡಿಕೊಂಡಿದೆ. ಹೀಗೆ ಕೂಡಿಕೊಂಡದ್ದು ಬಹುಶಃ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಒಳಗೆ ಎಂದು ಸಂಶೋಧಕರು ತೀರ್ಮಾನಿಸಿದ್ದಾರೆ, ಏಕೆಂದರೆ ಜೀನ್‌ನ ಮುಂದೆ ಅಂಟಿಕೊಂಡಿರುವ ‘ಐಎಸ್‌ಎಬಿಎ-125’ ಎಂಬ ತುಣುಕು ಆ ಜೀವಿಯದ್ದು. ಡಿಎನ್‌ಎಯಲ್ಲಿ ಇಂಥ ಅಲೆಮಾರಿ ತುಣುಕುಗಳಿರುತ್ತವೆ. ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುವುದೇ ಅವುಗಳ ಬದುಕು. ಜಿಗಿಯುವಾಗ ಪಕ್ಕದ ಜೀನ್‌ಗಳನ್ನೂ ಹೊತ್ತೊಯ್ಯುತ್ತವೆ. ಇಲ್ಲಿ ಆ ತುಣುಕು ಇನ್ನೊಂದು ಕೆಲಸವನ್ನೂ ಮಾಡಿದೆ, ಜೀನ್‌ಗೆ ಸದಾ ಚಾಲೂ ಇರುವ ಒಂದು ಸ್ವಿಚ್ ಒದಗಿಸಿದೆ. ಪರಿಣಾಮವಾಗಿ ಕಿಣ್ವ ಧಾರಾಳವಾಗಿ ತಯಾರಾಗುತ್ತದೆ.

ಇನ್ನು ಆಕ್ಸಾ-48. ಅದನ್ನು ಮೊದಲು ಕಂಡದ್ದು ಇಸ್ತಾಂಬುಲ್‌ನಲ್ಲಿ 2001ರಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾದಲ್ಲಿ. ನೀರಿನಲ್ಲಿ ವಾಸಿಸುವ ಶೀವನೆಲ್ಲಾ ಎಂಬ ನಿರುಪದ್ರವಿ ಬ್ಯಾಕ್ಟೀರಿಯಾ ಅದರ ಮೂಲ ಮನೆ. ಭಾರತದಲ್ಲಿ ಸಾಮಾನ್ಯವಾಗಿ ಕಾಣುವುದು ಅದರ ಸೋದರ ರೂಪಗಳಾದ ಆಕ್ಸಾ-181 ಮತ್ತು ಆಕ್ಸಾ-232. ಎನ್‌ಡಿಎಂ ಮತ್ತು ಆಕ್ಸಾ ಎರಡೂ ಒಂದೇ ಬ್ಯಾಕ್ಟೀರಿಯಾದಲ್ಲಿ ಸೇರಿಕೊಂಡಿರುವುದು ನಮ್ಮ ಐಸಿಯುಗಳಲ್ಲಿ ಅಪರೂಪವಲ್ಲ. ನಿಮ್ಮ ತಂದೆಯ ವರದಿ ನನ್ನ ಮೇಜಿಗೆ ಬಂದಿದ್ದರೆ ನಾನು ದುಃಖಪಡುತ್ತಿದ್ದೆ, ಆದರೆ ಆಶ್ಚರ್ಯಪಡುತ್ತಿರಲಿಲ್ಲ.

ಹಾಗಾದರೆ ಒಂದೆರಡು ಜೀನ್ ಇದ್ದ ಮಾತ್ರಕ್ಕೆ ಪಟ್ಟಿಯ ಎಲ್ಲ ಔಷಧಿಗಳ ಮುಂದೆ ‘ಆರ್’ ಏಕೆ? ಎನ್‌ಡಿಎಂ ಮುರಿಯುವುದು ಬೀಟಾ ಲ್ಯಾಕ್ಟಮ್‌ಗಳನ್ನು ಮಾತ್ರ. ಅಮಿಕಾಸಿನ್, ಸಿಪ್ರೊಫ್ಲಾಕ್ಸಾಸಿನ್‌ಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಈ ಪ್ರಶ್ನೆಗೆ ಉತ್ತರ ಜೀನ್‌ಗಳು ಇರುವ ಜಾಗದಲ್ಲಿದೆ.

ಆಸ್ತಿಯಲ್ಲಿ ಪಿತ್ರಾರ್ಜಿತ ಬೇರೆ, ಇತರರಿಂದ ದಾನವಾಗಿ ಬಂದದ್ದು ಬೇರೆ ಎಂದು ನಾವು ಪತ್ರಗಳಲ್ಲಿ ಬರೆಯುತ್ತೇವಲ್ಲ. ನಮಗೆ ಜೀನ್‌ಗಳೆಲ್ಲ ಪಿತ್ರಾರ್ಜಿತ. ಬ್ಯಾಕ್ಟೀರಿಯಾಕ್ಕೆ ಎರಡೂ ಬಗೆಯಿದೆ. ತಾಯಿ ಕೋಶದಿಂದ ಇಳಿದು ಬರುವುದು ವರ್ಣತಂತು. ಅದರ ಪಕ್ಕದಲ್ಲಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಗಳಿರುತ್ತವೆ. ಎರಡು ಬ್ಯಾಕ್ಟೀರಿಯಾಗಳು ಮುಟ್ಟಿಕೊಂಡಾಗ ನಡುವೆ ಒಂದು ನಳಿಕೆ ಹುಟ್ಟಿ, ಬಳೆಯ ಒಂದು ಎಳೆ ಆಚೆಗೆ ದಾಟುತ್ತದೆ. ಎರಡೂ ಕಡೆ ಜೊತೆ ಎಳೆ ತಯಾರಾಗಿ ಪೂರ್ತಿ ಬಳೆಯಾಗುತ್ತದೆ. ಕೊಟ್ಟವನ ಬಳಿಯೂ ಪೂರ್ತಿ ಉಳಿಯುವ ದಾನ ಇದು. ಕೊಡುವವನೂ ಪಡೆಯುವವನೂ ಒಂದೇ ಜಾತಿಯಾಗಿರಬೇಕೆಂದಿಲ್ಲ. ಕೆಲಸ ಮುಗಿಯಲು ಕೆಲವು ನಿಮಿಷ ಸಾಕು.

ಪ್ರತಿರೋಧ ಹೀಗೆ ದಾಟುವುದನ್ನು ಮೊದಲು ಗ್ರಹಿಸಿದವರು ಜಪಾನಿನವರು. ಯುದ್ಧಾನಂತರ ಅಲ್ಲಿ ಆಮಶಂಕೆ ವ್ಯಾಪಕವಾಗಿತ್ತು. ಶಿಗೆಲ್ಲಾ ಬ್ಯಾಕ್ಟೀರಿಯಾ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೊರಾಂಫೆನಿಕಾಲ್ ನಾಲ್ಕಕ್ಕೂ ಒಟ್ಟಿಗೆ ಬಗ್ಗದೆ ನಿಲ್ಲತೊಡಗಿತು. ಆಕಸ್ಮಿಕ ಬದಲಾವಣೆಗಳಿಂದಲೇ ಇದು ಆಗುವುದಾದರೆ ಒಂದೊಂದಾಗಿ ಆಗಬೇಕಿತ್ತು, ನಾಲ್ಕೂ ಒಮ್ಮೆಗೇ ಬಂದದ್ದು ಹೇಗೆ? 1959ರಲ್ಲಿ ತೊಮೊಇಚಿರೊ ಅಕಿಬಾ ಮತ್ತು ಕುನಿತಾರೊ ಒಚಿಯಾಯ್ ಅವರ ತಂಡಗಳು ಉತ್ತರ ಕಂಡುಕೊಂಡವು. ಪ್ರತಿರೋಧ ಇ. ಕೋಲೈನಿಂದ ಶಿಗೆಲ್ಲಾಕ್ಕೆ, ಶಿಗೆಲ್ಲಾದಿಂದ ಇ. ಕೋಲೈಗೆ ಗಂಟಾಗಿ ದಾಟುತ್ತಿತ್ತು. ಆ ಗಂಟೇ ಪ್ಲಾಸ್ಮಿಡ್.

ಎನ್‌ಡಿಎಂ ಕುಳಿತಿರುವ ಪ್ಲಾಸ್ಮಿಡ್‌ಗಳು ಇಂಥ ದೊಡ್ಡ ಗಂಟುಗಳೇ. ಅನೇಕವೇಳೆ ಅವುಗಳ ಮೇಲೆ ‘ಆರ್ಮ್ ಎ’ ಅಥವಾ ‘ಆರ್‌ಎಂಟಿ’ ಗುಂಪಿನ ಜೀನ್ ಇರುತ್ತದೆ. ಅದು ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಸುವ ಯಂತ್ರಕ್ಕೆ ಒಂದು ಸಣ್ಣ ಗುರುತು ಅಂಟಿಸುತ್ತದೆ, ಆಮೇಲೆ ಜೆಂಟಾಮೈಸಿನ್, ಅಮಿಕಾಸಿನ್ ಎರಡಕ್ಕೂ ಅಲ್ಲಿ ಹಿಡಿತ ಸಿಗುವುದಿಲ್ಲ. ಸಿಟಿಎಕ್ಸ್-ಎಂ-15 ಎಂಬ ಸೆಫಲೋಸ್ಪೊರಿನ್ ಮುರಿಯುವ ಜೀನ್ ಕೂಡ ಸಾಮಾನ್ಯವಾಗಿ ಜೊತೆಗಿರುತ್ತದೆ. ಕ್ಲೈವೆರಾ ಎಂಬ ಅಪರಿಚಿತ ಬ್ಯಾಕ್ಟೀರಿಯಾದ ವರ್ಣತಂತುವಿನಲ್ಲಿ ತನ್ನ ಪಾಡಿಗೆ ತಾನಿದ್ದ ಆ ವಂಶದ ಜೀನ್ ಅನ್ನು ಅಲೆಮಾರಿ ತುಣುಕೊಂದು ಎತ್ತಿಕೊಂಡು ಬಂದು ಪ್ಲಾಸ್ಮಿಡ್‌ಗೆ ಹಾಕಿತು. ಸಿಟಿಎಕ್ಸ್-ಎಂ-15 ಮೊದಲು ಕಂಡದ್ದು 1999ರಲ್ಲಿ ದೆಹಲಿಯಿಂದ ಸಂಗ್ರಹಿಸಿದ ಮಾದರಿಗಳಲ್ಲಿ, ಇಂದು ಅದು ಭೂಮಿಯ ಎಲ್ಲ ಖಂಡಗಳಲ್ಲೂ ಇದೆ. ಇವಲ್ಲದೆ ಇಂಟಿಗ್ರಾನ್ ಎಂಬ ರಚನೆಗಳಿವೆ. ಅವು ಸಿಕ್ಕ ಜೀನ್‌ಗಳನ್ನು ಹೂವಿನಂತೆ ಸಾಲಾಗಿ ಪೋಣಿಸಿಕೊಳ್ಳುತ್ತವೆ.

ಒಂದೇ ಗಂಟಿನಲ್ಲಿ ಇರುವುದರಿಂದ ಒಂದು ಔಷಧಿ ಬಳಸಿದರೂ ಇಡೀ ಗಂಟು ಉಳಿಯುತ್ತದೆ. ಐಸಿಯುನಲ್ಲಿ ಯಾರಿಗೋ ಅಮಿಕಾಸಿನ್ ಕೊಟ್ಟರು ಎನ್ನಿ. ‘ಆರ್ಮ್ ಎ’ ಇರುವ ಬ್ಯಾಕ್ಟೀರಿಯಾ ಬದುಕಿತು. ಅದರ ಜೊತೆ ಎನ್‌ಡಿಎಂ ಕೂಡ ಬದುಕಿತು, ಆ ರೋಗಿ ಮೆರೊಪೆನೆಮ್ ಅನ್ನು ಒಂದು ಹನಿಯೂ ಪಡೆಯದಿದ್ದರೂ. ‘ಅಪ್ಪ ಮಾತ್ರೆ ನುಂಗುವವರೇ ಅಲ್ಲ’ ಎಂದು ನೀವು ಬರೆದಿದ್ದೀರಿ. ಅದು ನಿಜ, ಆದರೆ ಅದಕ್ಕೂ ಅವರಿಗೆ ತಗುಲಿದ ಬ್ಯಾಕ್ಟೀರಿಯಾದ ಗುಣಕ್ಕೂ ಸಂಬಂಧವಿಲ್ಲ. ಆ ಗಂಟು ಅವರಿಗಿಂತ ಮೊದಲು ಎಷ್ಟೋ ಜನರ ಚಿಕಿತ್ಸೆಗಳ ನಡುವೆ ಹಾದು ಬಂದಿತ್ತು.

ಎಲ್ಲ ಪ್ರತಿರೋಧವೂ ಎರವಲು ಬಂದದ್ದಲ್ಲ. ಕೆಲವು ಅದೇ ಬ್ಯಾಕ್ಟೀರಿಯಾದ ಸ್ವಂತ ಬದಲಾವಣೆಗಳು. ಕ್ಲೆಬ್ಸಿಯೆಲ್ಲಾದ ವರ್ಣತಂತುವಿನಲ್ಲಿ ಸುಮಾರು 55 ಲಕ್ಷ ಅಕ್ಷರಗಳಿವೆ. ಪ್ರತಿ ಬಾರಿ ಇಬ್ಭಾಗವಾಗುವಾಗ ಅಷ್ಟನ್ನೂ ನಕಲು ಮಾಡಬೇಕು. ಸಾವಿರ ವಿಭಜನೆಗಳಲ್ಲಿ ಸುಮಾರು ಒಂದರಲ್ಲಿ ಒಂದಕ್ಷರ ತಪ್ಪುತ್ತದೆ. ಇದಕ್ಕಿಂತ ಶ್ರದ್ಧೆಯ ನಕಲುಗಾರರನ್ನು ನಾನು ಕಂಡಿಲ್ಲ. ಆದರೆ ಸೋಂಕಾದ ಶ್ವಾಸಕೋಶದಲ್ಲಿ ನೂರು ಕೋಟಿ ಬ್ಯಾಕ್ಟೀರಿಯಾಗಳಿದ್ದರೆ ಒಂದೇ ಸುತ್ತಿನಲ್ಲಿ ಹತ್ತು ಲಕ್ಷ ತಪ್ಪುಗಳಾಗುತ್ತವೆ. ಕೆಲವು ಸುತ್ತುಗಳಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಅಕ್ಷರವೂ ಎಲ್ಲೋ ಒಂದು ಕೋಶದಲ್ಲಿ ಬದಲಾಗಿರುತ್ತದೆ. ಬಹುತೇಕ ತಪ್ಪುಗಳು ನಿಷ್ಫಲ. ಒಂದೆರಡು ಮಾತ್ರ ಔಷಧಿಯ ನಡುವೆ ಬದುಕಲು ನೆರವಾಗುತ್ತವೆ. ‘ಜೈರ್ ಎ’ ಎಂಬ ಜೀನ್ ತಯಾರಿಸುವ ಪ್ರೋಟೀನ್‌ನಲ್ಲಿ 83ನೆಯ ಸ್ಥಾನದ ಸೆರಿನ್ ಎಂಬ ಅಮೈನೊ ಆಮ್ಲ ಬದಲಾದರೆ ಸಿಪ್ರೊಫ್ಲಾಕ್ಸಾಸಿನ್‌ನ ಹಿಡಿತ ಸಡಿಲವಾಗುತ್ತದೆ. ಹೊರಪೊರೆಯಲ್ಲಿ ಔಷಧಿ ನುಸುಳುವ ಕಿಂಡಿಗಳಿವೆ. ಆ ಕಿಂಡಿಯ ಜೀನ್ ಕೆಟ್ಟರೆ ಔಷಧಿ ಒಳಗೇ ಬಾರದು.

ಕೊಲಿಸ್ಟಿನ್ ಕಥೆ ಈ ಬಗೆಯದ್ದು. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು 1970ರ ದಶಕದಲ್ಲಿ ಮೂಲೆಗೆ ಸರಿಸಿದ್ದ ಔಷಧಿಯನ್ನು ಬೇರೆ ದಾರಿಯಿಲ್ಲದೆ ಮತ್ತೆ ಹೊರತೆಗೆದಿದ್ದೇವೆ. ಧನ ವಿದ್ಯುದಂಶವಿರುವ ಈ ಔಷಧಿ ಬ್ಯಾಕ್ಟೀರಿಯಾದ ಋಣ ವಿದ್ಯುದಂಶದ ಹೊರಪೊರೆಗೆ ಅಂಟಿ ಅದನ್ನು ಹರಿಯುತ್ತದೆ. ಕ್ಲೆಬ್ಸಿಯೆಲ್ಲಾದಲ್ಲಿ ‘ಎಂಜಿಆರ್‌ಬಿ’ ಎಂಬ, ಕೇವಲ 47 ಅಮೈನೊ ಆಮ್ಲಗಳ ಒಂದು ಪುಟ್ಟ ಪ್ರೋಟೀನ್ ಇದೆ. ಹೊರಪೊರೆಯನ್ನು ಬದಲಿಸುವ ವ್ಯವಸ್ಥೆಗೆ ಅದು ಬ್ರೇಕ್ ಇದ್ದಂತೆ. ಅಲೆಮಾರಿ ತುಣುಕೊಂದು ಈ ಜೀನ್‌ನ ಮಧ್ಯಕ್ಕೆ ಜಿಗಿದು ಕುಳಿತರೆ ಬ್ರೇಕ್ ಹೋಯಿತು. ಪೊರೆಗೆ ಧನ ವಿದ್ಯುದಂಶದ ಸಕ್ಕರೆ ಅಂಟುತ್ತದೆ, ಕೊಲಿಸ್ಟಿನ್ ಹತ್ತಿರ ಸುಳಿಯಲಾರದು. ಇದು ಚಿಕಿತ್ಸೆ ನಡೆಯುತ್ತಿರುವಾಗಲೇ, ರೋಗಿಯ ಮೈಯೊಳಗೇ ಆಗಬಹುದು. ಮೊದಲು ಸ್ವಲ್ಪ ಸುಧಾರಿಸಿದಂತೆ ಕಂಡು ಆಮೇಲೆ ಕೈಬಿಟ್ಟುಹೋಗುವ ಎಷ್ಟೋ ರೋಗಿಗಳ ಹಿಂದೆ ಇಂಥ ಬದಲಾವಣೆಯಿರುತ್ತದೆ.

ನಿಮ್ಮ ವರದಿಯ ‘ಐ’ ಬಗ್ಗೆ ಒಂದು ಸ್ಪಷ್ಟನೆ. ನಮ್ಮ ಹೆಚ್ಚಿನ ಪ್ರಯೋಗಾಲಯಗಳು ಅನುಸರಿಸುವ ಅಮೆರಿಕದ ಮಾನದಂಡದಲ್ಲಿ 2020ರಿಂದ ಕೊಲಿಸ್ಟಿನ್‌ಗೆ ‘ಎಸ್’ (ಔಷಧಿಗೆ ಬಗ್ಗುತ್ತದೆ) ಎಂಬ ವರ್ಗವೇ ಇಲ್ಲ. ಇರುವುದು ‘ಐ’ ಮತ್ತು ‘ಆರ್’ ಮಾತ್ರ, ಏಕೆಂದರೆ ಬ್ಯಾಕ್ಟೀರಿಯಾ ಬಗ್ಗಿದರೂ ಔಷಧಿಯ ಫಲ, ಅದರಲ್ಲೂ ಶ್ವಾಸಕೋಶದಲ್ಲಿ, ಭರವಸೆಯದ್ದಲ್ಲ. ವೈದ್ಯರು ಕೊಲಿಸ್ಟಿನ್ ಕೊಟ್ಟೂ ಉಳಿಸಿಕೊಳ್ಳಲಾಗದಿದ್ದರೆ ಅದು ಅವರ ಉದಾಸೀನ ಎಂದುಕೊಳ್ಳಬೇಡಿ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಇದು ಆಸ್ಪತ್ರೆಯಲ್ಲೇ ಏಕೆ ಸಿಗುತ್ತದೆ? ನಮ್ಮ ಕರುಳಿನಲ್ಲಿ ನೂರಾರು ಜಾತಿಯ ಬ್ಯಾಕ್ಟೀರಿಯಾಗಳು ಬಯಲಿನ ಹುಲ್ಲಿನಂತೆ ದಟ್ಟವಾಗಿ ಹಬ್ಬಿರುತ್ತವೆ. ಹೊಸಬರಿಗೆ ಅಲ್ಲಿ ಬೇರೂರಲು ಜಾಗವಿಲ್ಲ. ಬಯಲಿನ ಹುಲ್ಲನ್ನು ಕೆತ್ತಿ ಬಿಟ್ಟರೆ ಮೊದಲ ಮಳೆಗೆ ಏನು ಏಳುತ್ತದೆ ಎಂದು ಹಳ್ಳಿಯಲ್ಲಿದ್ದವರಿಗೆ ಗೊತ್ತು: ಕಾಂಗ್ರೆಸ್ ಗಿಡ. ಐಸಿಯುಗೆ ಸೇರಿದ ಮೊದಲ ದಿನಗಳಲ್ಲಿ ಪ್ರಬಲ ಆಂಟಿಬಯೋಟಿಕ್ ಕೊಟ್ಟಾಗ ಕರುಳಿನ ಹುಲ್ಲು ಹೋಗುತ್ತದೆ. ಆಗ ಒಳಬಂದ ನಿರೋಧಕ ಕ್ಲೆಬ್ಸಿಯೆಲ್ಲಾಕ್ಕೆ ಎದುರಾಳಿಯೇ ಇಲ್ಲ. ಅಲ್ಲಿಂದ ಬಾಯಿ ಗಂಟಲು, ಅಲ್ಲಿಂದ ವೆಂಟಿಲೇಟರ್ ನಳಿಕೆಯ ಪಕ್ಕದಲ್ಲಿ ಜಿನುಗುವ ಜೊಲ್ಲಿನೊಂದಿಗೆ ಶ್ವಾಸಕೋಶ. ಕೆಮ್ಮಿ ಹೊರಹಾಕುವ ಶಕ್ತಿ ಆ ರೋಗಿಗೆ ಇರುವುದಿಲ್ಲ. ಪಾರ್ಶ್ವವಾಯುವಾದ ಹಿರಿಯರಲ್ಲಿ ಹನ್ನೊಂದನೆಯ ದಿನದ ಜ್ವರಕ್ಕೆ ಸಾಮಾನ್ಯವಾದ ದಾರಿ ಇದೇ.

ಒಳಬರುವುದು ಹೇಗೆ ಎಂಬುದಕ್ಕೆ ಚೆನ್ನಾಗಿ ದಾಖಲಾದ ಪ್ರಸಂಗವೊಂದಿದೆ. ಅಮೆರಿಕದ ಬೆಥೆಸ್ಡಾದಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯಿದೆ. 2011ರ ಜೂನ್‌ನಲ್ಲಿ ನ್ಯೂಯಾರ್ಕ್‌ನಿಂದ ಬಂದ ರೋಗಿಯೊಬ್ಬರಲ್ಲಿ ಕೆಪಿಸಿ ಎಂಬ ಕಾರ್ಬಪೆನೆಮ್ ಮುರಿಯುವ ಜೀನ್ ಇದ್ದ ಕ್ಲೆಬ್ಸಿಯೆಲ್ಲಾ ಇತ್ತು. ಆಸ್ಪತ್ರೆಗೆ ಇದು ಮೊದಲೇ ತಿಳಿದಿತ್ತು. ಅವರನ್ನು ಪ್ರತ್ಯೇಕವಾಗಿ ಇಟ್ಟರು, ಗುಣವಾಗಿ ಮನೆಗೆ ಹೋದರು. ಮೂರು ವಾರಗಳ ನಂತರ ಇನ್ನೊಬ್ಬ ರೋಗಿಯಲ್ಲಿ ಅದೇ ಬ್ಯಾಕ್ಟೀರಿಯಾ ಕಂಡಿತು, ಆಮೇಲೆ ಒಬ್ಬರಾದ ಮೇಲೆ ಒಬ್ಬರು. ಒಟ್ಟು 18 ಜನ. ಅವರಲ್ಲಿ 11 ಜನ ತೀರಿಕೊಂಡರು, 6 ಜನರ ಸಾವಿಗೆ ಈ ಸೋಂಕೇ ಕಾರಣ. ಜೂಲಿ ಸೀಗ್ರೆ, ಇವಾನ್ ಸ್ನಿಟ್ಕಿನ್ ಮತ್ತು ಸಂಗಡಿಗರು ಪ್ರತಿ ರೋಗಿಯ ಬ್ಯಾಕ್ಟೀರಿಯಾದ ಪೂರ್ಣ ಡಿಎನ್‌ಎ ಓದಿ, ಅಕ್ಷರಗಳ ಸಣ್ಣ ವ್ಯತ್ಯಾಸಗಳಿಂದ ಹರಡಿದ ದಾರಿಯನ್ನು ಗುರುತಿಸಿದರು. ಎಲ್ಲವೂ ಆ ಮೊದಲ ರೋಗಿಯಿಂದಲೇ ಬಂದಿದ್ದವು. ಪತ್ತೆಯಾದ ಕ್ರಮ ಹರಡಿದ ಕ್ರಮವಾಗಿರಲಿಲ್ಲ, ಕೆಲವರು ಯಾವ ಲಕ್ಷಣವೂ ಇಲ್ಲದೆ ಕರುಳಿನಲ್ಲಿ ಅದನ್ನು ಹೊತ್ತಿದ್ದರು. ಶುಚಿಗೊಳಿಸಿದ್ದ ವೆಂಟಿಲೇಟರ್‌ನಲ್ಲೂ ಸಿಂಕ್‌ಗಳ ಕೊಳವೆಯಲ್ಲೂ ಬ್ಯಾಕ್ಟೀರಿಯಾ ಸಿಕ್ಕಿತು. ಹಣಕ್ಕೂ ಸಿಬ್ಬಂದಿಗೂ ಕೊರತೆಯಿಲ್ಲದ ಆಸ್ಪತ್ರೆಯ ಸಂಗತಿ ಇದು. ಒಬ್ಬ ನರ್ಸ್ ನಾಲ್ಕೈದು ವೆಂಟಿಲೇಟರ್‌ಗಳ ನಡುವೆ ಓಡಾಡಬೇಕಾದ ಕಡೆ, ಪ್ರತಿ ಹಾಸಿಗೆಯ ನಡುವೆ ಅವರು ಕೈ ತೊಳೆಯಲಿ ಎಂದು ಗೋಡೆಗೆ ಚಿತ್ರ ಅಂಟಿಸಿ ಸುಮ್ಮನಾಗುವುದನ್ನು ನಾನು ಒಪ್ಪುವುದಿಲ್ಲ. ತಪ್ಪು ಆ ನರ್ಸ್‌ನದ್ದಲ್ಲ. ಸಾಕಷ್ಟು ಜನರನ್ನು ನೇಮಿಸದವರದ್ದು.

‘ಔಷಧಿ ಬಳಸುವುದನ್ನು ನಿಲ್ಲಿಸಿದರೆ ಪ್ಲಾಸ್ಮಿಡ್ ತಾನೇ ಹೋಗುವುದಿಲ್ಲವೇ?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಹೌದು, ಆ ಗಂಟು ಹೊರುವುದೂ ಒಂದು ಹೊರೆಯೇ. ಆದರೆ ಅನೇಕ ಪ್ಲಾಸ್ಮಿಡ್‌ಗಳು ಒಂದು ವಿಷವನ್ನೂ ಅದರ ಪ್ರತಿವಿಷವನ್ನೂ ಒಟ್ಟಿಗೆ ತಯಾರಿಸುತ್ತವೆ. ವಿಷ ಬಹುಕಾಲ ಉಳಿಯುತ್ತದೆ, ಪ್ರತಿವಿಷ ಬೇಗ ಕರಗುತ್ತದೆ. ಪ್ಲಾಸ್ಮಿಡ್ ಕಳೆದುಕೊಂಡ ಮರಿಕೋಶ ಹೊಸ ಪ್ರತಿವಿಷ ಮಾಡಲಾರದೆ ಸಾಯುತ್ತದೆ ಅಥವಾ ಕುಗ್ಗುತ್ತದೆ.

ಹಾಗೆಂದು ನಾವು ಕೈಕಟ್ಟಿ ಕುಳಿತಿಲ್ಲ. ಜೀನ್‌ನ ಹೆಸರು ತಿಳಿದರೆ ಚಿಕಿತ್ಸೆಯ ದಾರಿ ತಿಳಿಯುತ್ತದೆ, ವರದಿಯಲ್ಲಿ ಅದನ್ನು ಬರೆಯುವುದು ಅದಕ್ಕೇ. ಎನ್‌ಡಿಎಂ ಸತುವಿನ ಎರಡು ಅಯಾನುಗಳ ನೆರವಿನಿಂದ ಉಂಗುರ ಕತ್ತರಿಸುತ್ತದೆ, ಆದರೆ ಆಸ್‌ಟ್ರಿಯೊನಾಮ್ ಎಂಬ ಔಷಧಿಯನ್ನು ಅದು ಕತ್ತರಿಸಲಾರದು. ಆಸ್‌ಟ್ರಿಯೊನಾಮ್‌ನ ಶತ್ರು ಜೊತೆಯಲ್ಲಿರುವ ಸಿಟಿಎಕ್ಸ್-ಎಂ-15. ಅದನ್ನೂ ಆಕ್ಸಾ-48 ಅನ್ನೂ ತಡೆಯುವ ಶಕ್ತಿ ಅವಿಬ್ಯಾಕ್ಟಮ್ ಎಂಬ ಜೊತೆ ಔಷಧಿಗೆ ಇದೆ. ಆದ್ದರಿಂದ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಜೊತೆ ಆಸ್‌ಟ್ರಿಯೊನಾಮ್ ಸೇರಿಸಿ ಕೊಡುತ್ತಾರೆ. ಆಸ್‌ಟ್ರಿಯೊನಾಮ್-ಅವಿಬ್ಯಾಕ್ಟಮ್ ಒಂದೇ ಔಷಧಿಯಾಗಿ 2024ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆಯಿತು. ಇದಕ್ಕೂ ಎದುರು ಶುರುವಾಗಿದೆ. ಭಾರತದ ಎನ್‌ಡಿಎಂ ಹೊತ್ತ ಇ. ಕೋಲೈಗಳಲ್ಲಿ ಗಾರೆಯವನ ಕೈಯಲ್ಲೇ ನಾಲ್ಕು ಅಮೈನೊ ಆಮ್ಲಗಳು ಹೊಸದಾಗಿ ಸೇರಿ ಆಸ್‌ಟ್ರಿಯೊನಾಮ್‌ಗೆ ಹಿಡಿತ ಕಡಿಮೆಯಾಗಿರುವುದು ಕಾಣುತ್ತಿದೆ. ನಿಮ್ಮ ತಂದೆಗೆ ಈ ಜೋಡಿಯನ್ನು ಕೊಟ್ಟಿದ್ದರೇ ಎಂದು ಪತ್ರದಿಂದ ತಿಳಿಯುವುದಿಲ್ಲ. ದುಬಾರಿ ಔಷಧಿಗಳು ಇವು, ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಕೊಟ್ಟಿದ್ದರೂ ಪಾರ್ಶ್ವವಾಯು, ವಯಸ್ಸು, ವೆಂಟಿಲೇಟರ್ ಮೂರೂ ಸೇರಿದ ಸ್ಥಿತಿಯಲ್ಲಿ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ.

ಆ ಅಮಾಕ್ಸಿಸಿಲಿನ್ ಬಗ್ಗೆ ಇನ್ನೊಂದು ಮಾತನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ತಂದೆಯ ಸಾವಿಗೆ ಅದು ಕಾರಣವಲ್ಲ. ಆದರೂ ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ ಎಂಬ ಕಾನೂನು ಸುಮ್ಮನೆ ಇಲ್ಲ. ವೈರಸ್‌ನಿಂದ ಬಂದ ಕೆಮ್ಮಿಗೆ ಅದು ಏನೂ ಮಾಡುವುದಿಲ್ಲ. ಕರುಳಿನ ಹುಲ್ಲನ್ನು ಮಾತ್ರ ಸ್ವಲ್ಪ ಕಾಲ ಕೆತ್ತುತ್ತದೆ. ಒಬ್ಬರ ಮೂರು ದಿನದ ಗುಳಿಗೆಯಿಂದ ಏನೂ ಆಗುವುದಿಲ್ಲ, ಕೋಟ್ಯಂತರ ಜನರ ಮೂರು ದಿನಗಳು ಸೇರಿದಾಗ ಚರಂಡಿಯ ನೀರಿನಲ್ಲಿ ಯಾವ ಬ್ಯಾಕ್ಟೀರಿಯಾ ಉಳಿಯಬೇಕೆಂದು ತೀರ್ಮಾನವಾಗುತ್ತದೆ. ಆ ಕೋಟಿ ಜನರಲ್ಲಿ ನೀವು ಒಬ್ಬರು, ನಾನೂ ಒಬ್ಬ. ಮುಂದಿನ ಬಾರಿ ಕೇಳದೆ ತರಬೇಡಿ ಎಂದಷ್ಟೇ ಹೇಳುತ್ತೇನೆ. ಹಿಂದಿನದಕ್ಕಾಗಿ ನಿಮ್ಮನ್ನು ನೀವು ಶಿಕ್ಷಿಸಿಕೊಳ್ಳಲು ನನ್ನ ಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ.

ಉಳಿದದ್ದು ಅಮ್ಮ ಮತ್ತು ಮಗು. ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಆರೈಕೆ ಮಾಡಿದ ನಿಮ್ಮ ತಾಯಿಯ ಕರುಳಿನಲ್ಲಿ ಈ ಬ್ಯಾಕ್ಟೀರಿಯಾ ಸೇರಿರುವ ಸಾಧ್ಯತೆ ಇದೆ. ಸೇರಿದ್ದರೂ ಅದು ಕಾಯಿಲೆಯಲ್ಲ. ಆರೋಗ್ಯವಂತರಲ್ಲಿ ಅದು ಸುಮ್ಮನೆ ಕುಳಿತಿರುತ್ತದೆ, ಹೆಚ್ಚಿನವರಲ್ಲಿ ತಿಂಗಳುಗಳು ಕಳೆದಂತೆ ಕಡಿಮೆಯಾಗಿ ಹೋಗುತ್ತದೆ. ಅದನ್ನು ಓಡಿಸಲೆಂದು ಆಂಟಿಬಯೋಟಿಕ್ ಕೊಡಿಸಬೇಡಿ. ಹುಲ್ಲನ್ನು ಮತ್ತೆ ಕೆತ್ತಿದಂತಾಗುತ್ತದೆ. ಹಾಸಿಗೆ ಬಟ್ಟೆ ಸುಡಬೇಕಾಗಿಲ್ಲ, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಶೌಚಕ್ಕೆ ಹೋಗಿ ಬಂದ ಮೇಲೆ, ಅಡುಗೆಗೆ ಮೊದಲು, ಮಗುವಿಗೆ ಉಣಿಸುವ ಮೊದಲು ಸೋಪಿನಿಂದ ಕೈ ತೊಳೆಯಲಿ. ಕ್ಲೆಬ್ಸಿಯೆಲ್ಲಾ ಶಿಶುಗಳಲ್ಲಿ ಅಪಾಯಕಾರಿಯಾಗುವುದು ಹೆಚ್ಚಾಗಿ ತಿಂಗಳು ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯಲ್ಲಿರುವವರಿಗೆ. ಮನೆಯಲ್ಲಿ ಆಡುತ್ತಿರುವ ಏಳು ತಿಂಗಳ ಮಗುವನ್ನು ಅಜ್ಜಿಯ ಮಡಿಲಿನಿಂದ ದೂರವಿಡಬೇಡಿ. ಈಗ ಆ ಇಬ್ಬರಿಗೂ ಅದರ ಅಗತ್ಯ ಹೆಚ್ಚು.

ಒಂದು ಸಂಗತಿಯನ್ನು ಮಾತ್ರ ಮರೆಯದಿರಿ. ಮುಂದಿನ ಒಂದು ವರ್ಷದೊಳಗೆ ಅಮ್ಮನಿಗೆ ಶಸ್ತ್ರಚಿಕಿತ್ಸೆಯೋ ಐಸಿಯು ಚಿಕಿತ್ಸೆಯೋ ಬೇಕಾದರೆ, ಸೇರಿಸುವಾಗಲೇ ವೈದ್ಯರಿಗೆ ಇದನ್ನು ತಿಳಿಸಿ. ಗುದದ್ವಾರದ ಸ್ವ್ಯಾಬ್ ಪರೀಕ್ಷೆಯಿಂದ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಬಹುದು. ಇದ್ದರೆ ಮೊದಲ ದಿನದಿಂದಲೇ ಸರಿಯಾದ ಔಷಧಿ ಆರಿಸಲು, ಪಕ್ಕದ ಹಾಸಿಗೆಯವರನ್ನು ಕಾಪಾಡಲು ಅವರಿಗೆ ನೆರವಾಗುತ್ತದೆ. ಅಪ್ಪನ ಆ ಕಲ್ಚರ್ ವರದಿಯ ಒಂದು ಪ್ರತಿಯನ್ನು ಅಮ್ಮನ ವೈದ್ಯಕೀಯ ಕಡತದಲ್ಲಿ ಇಟ್ಟಿರಿ.